ಹದಿನೈದರ ಒಳಗಿನ ಹುಡುಗಿ

ಸವಿತಾ ಯಾವ ಹುಡುಗಿಯನ್ನು ಮೊದಲ ಸಲ ಕಂಡರೂ ಮುಖಕ್ಕಿಂತ ಮುಂಚೆ ಕೈ ನೋಡುತ್ತಿದ್ದಳು. ಮಣಿಕಟ್ಟು ಎಷ್ಟು ಬಲಿತಿದೆ, ಬೆರಳಿನ ಗೆಣ್ಣು ಎಷ್ಟು ದಪ್ಪ, ಬಾಯಿಬಿಟ್ಟು ನಕ್ಕಾಗ ಹಿಂದಿನ ದವಡೆ ಹಲ್ಲು ಬಂದಿವೆಯೋ ಇಲ್ಲವೋ. ನವನಗರದ ಖಾಸಗಿ ಒಳಾಂಗಣ ಕೋರ್ಟಿನಲ್ಲಿ ಬ್ಯಾಡ್ಮಿಂಟನ್ ಕಲಿಸುತ್ತಿದ್ದ ಅವಳಿಗೆ ಇದು ಚಟವೇ ಆಗಿಬಿಟ್ಟಿತ್ತು. ಹೊಸದಾಗಿ ಬಂದ ತಾಯಿತಂದೆ “ಹನ್ನೊಂದು ತುಂಬ್ಯಾವ್ರಿ ಮೇಡಂ” ಎಂದರೆ ಹೂಂಗುಟ್ಟುತ್ತಿದ್ದಳು, ಮನಸ್ಸಿನೊಳಗೆ ಒಂದೆರಡು ವರ್ಷ ಕೂಡಿಸಿಕೊಳ್ಳುತ್ತಿದ್ದಳು.

“ನಾಳೆ ನನ್ನ ವಯಸ್ಸಿನ ಮ್ಯಾಲೂ ಅನುಮಾನ ಪಡ್ತಿ ನೀ,” ಎಂದು ಗಂಡ ಲಕ್ಷ್ಮಣ ಚೇಷ್ಟೆ ಮಾಡುತ್ತಿದ್ದ. ಅವನು ಬಸ್ ಕಂಡಕ್ಟರ್.

“ಪಡ್ತೇನಿ. ನಿಮ್ಮವ್ವ ಒಂದ್ಸಲ ಒಂದು ಹೇಳ್ತಾಳ, ಇನ್ನೊಂದ್ಸಲ ಇನ್ನೊಂದು.”

ಆದರೆ ಅವಳ ಅನುಮಾನ ಚೇಷ್ಟೆಯದಾಗಿರಲಿಲ್ಲ. ಅವಳು ಬಾದಾಮಿ ಹತ್ತಿರದ ಹಳ್ಳಿಯವಳು, ಕುರಿ ಸಾಕುವ ಮನೆತನ. ಬಾದಾಮಿಯ ಶಾಲೆಯಲ್ಲಿ ಪಿ.ಟಿ. ಮಾಸ್ತರರು ಎರಡು ಬೇವಿನ ಮರಗಳ ನಡುವೆ ಹಳೆಯ ಮೀನಿನ ಬಲೆ ಕಟ್ಟಿ ಈ ಆಟ ಕಲಿಸಿದ್ದರು. “ಪುಣೆದಾಗ ಇಂಗ್ಲಿಷ್ ದಂಡಿನವರು ಆಡ್ತಿದ್ದ ಆಟ ಇದು. ಗಾಳಿ ಬಿಟ್ರ ಅವರೂ ಶಟಲ್ ಬಿಟ್ಟು ಉಣ್ಣಿ ನೂಲಿನ ಚೆಂಡು ತಗೋತಿದ್ರಂತ,” ಎನ್ನುತ್ತಿದ್ದರು. ಬಾದಾಮಿಯ ಕೆಂಪು ಗುಡ್ಡದ ಮೇಲಿಂದ ಬೀಸುವ ಗಾಳಿಗೆ ಶಟಲ್ ನಿಲ್ಲುತ್ತಲೇ ಇರಲಿಲ್ಲ. ಆಗ ಸವಿತಾಳ ಅಜ್ಜಿ ಸೋಮವ್ವ ಕಂಬಳಿಗೆಂದು ನೂತಿಟ್ಟ ನೂಲನ್ನೇ ಸುತ್ತಿ ಗಟ್ಟಿ ಚೆಂಡು ಮಾಡಿಕೊಟ್ಟಳು. ಆ ಚೆಂಡಿನಲ್ಲಿ ಕೈ ಪಳಗಿಸಿಕೊಂಡ ಹುಡುಗಿ ಮುಂದೆ ಶಟಲ್ ಹಿಡಿದು, ಹದಿನಾರರ ಒಳಗಿನವರ ರಾಜ್ಯಮಟ್ಟದ ಪಂದ್ಯಾವಳಿಯ ಫೈನಲ್ ತನಕ ಹೋದಳು. ಅಲ್ಲಿ ಸೋತಳು. ಎದುರಾಳಿ ಹುಡುಗಿಯ ಹೊಡೆತ ಗಂಡಸರ ಹೊಡೆತದಂತಿತ್ತು. ಗೆದ್ದವಳು ರಾಷ್ಟ್ರಮಟ್ಟಕ್ಕೆ ಹೋದಳು, ಸವಿತಾ ಬಸ್ ಹತ್ತಿ ಊರಿಗೆ ಬಂದಳು. ಆರು ತಿಂಗಳಿಗೆ ಆ ಹುಡುಗಿಯ ಮದುವೆಯಾಯಿತು. ಮದುವೆಯುಂಡು ಬಂದ ಗೆಳತಿಯೊಬ್ಬಳು ಸುದ್ದಿ ತಂದಳು: ಮದುಮಗಳ ತಂಗಿಗೇ ಹದಿನೆಂಟು ತುಂಬಿದ್ದವು!

ಅಂದಿನಿಂದ ಸವಿತಾಳ ಕಣ್ಣಿಗೆ ಎಲ್ಲರ ವಯಸ್ಸೂ ಸುಳ್ಳೇ.

ಅವಳು ಕಲಿಸುತ್ತಿದ್ದ ಕೋರ್ಟು ವಿಜಯಮಹಾಂತೇಶ ಎಂಬವರದು. ಇಳಕಲ್ಲಿನಲ್ಲಿ ಗ್ರಾನೈಟ್ ವ್ಯಾಪಾರ, ನವನಗರದಲ್ಲಿ ಮನೆ. ಮಗಳು ಮಹೇಶ್ವರಿಗೆ ಆಟದ ಹುಚ್ಚು ಎಂದೇ ಈ ಕೋರ್ಟು ಕಟ್ಟಿಸಿ, ಬೇರೆ ಮಕ್ಕಳಿಗೂ ಬಾಗಿಲು ತೆರೆದಿದ್ದರು. ಸವಿತಾಳನ್ನು ತಾವೇ ಹುಡುಕಿಕೊಂಡು ಹೋಗಿ ಕರೆತಂದಿದ್ದರು. ಮಹೇಶ್ವರಿ ನಾಲ್ಕು ವರ್ಷದಿಂದ ಅವಳ ಶಿಷ್ಯೆ. ಮಾತು ಕಡಿಮೆ, ಕಸುವು ಹೆಚ್ಚು. ಹದಿನೈದರ ಒಳಗಿನವರಲ್ಲಿ ಜಿಲ್ಲೆಗೆ ಅವಳೇ ಮೊದಲು, ಅದೂ ಎರಡು ವರ್ಷ ಸತತ.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪಂದ್ಯಾವಳಿ ಅದೇ ಕೋರ್ಟಿನಲ್ಲಿ ನಡೆಯಿತು. ಫೈನಲ್‌ಗೆ ಮಹೇಶ್ವರಿಯ ಎದುರು ನಿಂತವಳು ಇಳಕಲ್ಲಿನ ದಿಲಶಾದ. ಯಾರೂ ಹೆಸರು ಕೇಳಿರದ ಹುಡುಗಿ, ಮಹೇಶ್ವರಿಗಿಂತ ಗೇಣು ಎತ್ತರ. ಕಾಲಲ್ಲಿ ಶಾಲೆಯ ಬಿಳಿ ಕ್ಯಾನ್ವಾಸ್ ಬೂಟು. ಜೊತೆಗೆ ಕೋಚ್ ಇರಲಿಲ್ಲ. ಅವಳ ತಂದೆ ಮಲೀಕಸಾಬ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಆ ಹುಡುಗಿ ಶಟಲನ್ನು ಒಮ್ಮೆಯೂ ಮೇಲಕ್ಕೆ ಎತ್ತಲಿಲ್ಲ. ನೆಟ್ಟಿನ ಅಂಚು ಸವರಿಕೊಂಡು ಹೋಗುವಂತೆ ಚಪ್ಪಟೆಯಾಗಿ, ಜೋರಾಗಿ ಬಾರಿಸಿದಳು. ಮಹೇಶ್ವರಿಗೆ ಸ್ಮ್ಯಾಶ್ ಹೊಡೆಯಲು ಒಂದು ಶಟಲ್ಲೂ ಸಿಗಲಿಲ್ಲ. ಮೂರನೆಯ ಗೇಮಿನಲ್ಲಿ ಇಪ್ಪತ್ತೊಂದು ಹದಿನಾರಕ್ಕೆ ಆಟ ಮುಗಿಯಿತು.

ವಿಜಯಮಹಾಂತೇಶ ಸವಿತಾಳನ್ನು ಪಕ್ಕಕ್ಕೆ ಕರೆದರು.

“ಮೇಡಂ, ನೀವು ಇದರಾಗ ಪಳಗಿದವರು. ಆ ಹುಡುಗಿ ಹದಿನೈದರ ಒಳಗಿನಾಕಿ ಅನಸ್ತೈತೇನ್ರಿ ನಿಮಗ?”

“ನನಗೂ ಅದ ವಿಚಾರ ಬಂದೈತ್ರಿ.”

“ಮತ್ತ? ಆ ಕೈ ನೋಡ್ರಿ, ಆ ಎತ್ತರ ನೋಡ್ರಿ. ಜಿಲ್ಲಾ ಬ್ಯಾಡ್ಮಿಂಟನ್ ಸಂಘದವರ ಮುಂದ ನೀವೊಂದು ಮಾತು ಹೇಳಿದ್ರ ಮುಗೀತು. ನಾ ಹೇಳಿದ್ರ ಮಗಳು ಸೋತ ಹೊಟ್ಟಿಕಿಚ್ಚು ಅಂತಾರ.”

ಸವಿತಾ ನೇರ ನಲ್ಲಿಯ ಹತ್ತಿರ ಹೋದಳು. ದಿಲಶಾದ ಮುಖ ತೊಳೆಯುತ್ತಿದ್ದಳು. ಕೈ ಅಗಲ, ಬೆರಳು ಉದ್ದ.

“ಚಲೋ ಆಡ್ದಿ ಬಿಡವಾ. ಎಷ್ಟು ವಯಸ್ಸು ನಿನಗ?”

ಹುಡುಗಿ ಉತ್ತರಿಸುವ ಮೊದಲು ತಂದೆಯ ಕಡೆ ನೋಡಿದಳು. “ಹದಿಮೂರ್ರಿ.”

“ಯಾರು ಕಲಿಸ್ಯಾರ?”

“ಯಾರೂ ಇಲ್ರಿ.”

ಆ ನೋಟ ಸವಿತಾಳಿಗೆ ಸಾಕಾಯಿತು. ಹದಿಮೂರು ಎನ್ನಲು ಅಪ್ಪನ ಮುಖ ಯಾಕೆ ನೋಡಬೇಕು? ಯಾರೂ ಕಲಿಸದೆ ಅಂಥ ಹೊಡೆತ ಎಲ್ಲಿಂದ ಬಂತು? ರಾತ್ರಿ ಊಟಕ್ಕೆ ಕೂತಾಗ ಲಕ್ಷ್ಮಣನಿಗೆ ಹೇಳಿದಳು. ಅವನು ರೊಟ್ಟಿ ಮುರಿಯುತ್ತ, “ಅನುಮಾನ ಇದ್ರ ಹೋಗಿ ನೋಡು. ನೋಡ್ಲಾರ್ದ ಬಾಯಿ ಬಿಡಬ್ಯಾಡ,” ಎಂದ.

ಭಾನುವಾರ ಅವಳು ಇಳಕಲ್ ಬಸ್ ಹತ್ತಿದಳು. ಹುಡುಗಿಗೆ ಕಲಿಸುವ ವಿಚಾರವಿದೆ ಎಂದು ನೆವ ಹೇಳುವುದು, ಸುತ್ತಮುತ್ತ ಬಾಯಿಬಿಡಿಸುವುದು ಎಂದು ಮೊದಲೇ ಲೆಕ್ಕ ಹಾಕಿಕೊಂಡಿದ್ದಳು. ಮಲೀಕಸಾಬನ ಮನೆ ಊರಂಚಿನ ಓಣಿಯಲ್ಲಿತ್ತು. ಮನೆಯವರು ಯಾರೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಪದ್ಮವ್ವ ಎಂಬ ಹೆಂಗಸು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದಳು.

“ಮಲೀಕಣ್ಣ ಕಲ್ಲು ಪಾಲಿಶ್ ಮಾಡೋ ಶೆಡ್ಡಿನ್ಯಾಗ ಅದಾನ್ರಿ. ಹುಡುಗಿನೂ ಅಲ್ಲೇ. ಆಯಿತವಾರ ಮಷಿನ್ ಬಂದ್ ಇರತಾವ, ಅಪ್ಪ ಮಗಳು ಅಲ್ಲೇ ಆಡ್ಕೋತ ನಿಲ್ತಾರ.”

ಸವಿತಾ ಕಟ್ಟೆಯ ಮೇಲೆ ಕೂತಳು. “ಹುಡುಗಿ ಭಾಳ ಎತ್ತರ ಆಗ್ಯಾಳಲ್ಲಬೇ. ಹದಿನಾರು ಹದಿನೇಳು ಇದ್ದಂಗ ಕಾಣ್ತಾಳ.”

“ಎಲ್ಲಿ ಹದಿನೇಳು? ನೋಟ್ ಬಂದ್ ಮಾಡಿದಾಗ ನಾ ಬ್ಯಾಂಕಿನ ಪಾಳಿಗೆ ನಿಂತಿದ್ದೆ, ಈ ಹುಡುಗಿ ನನ್ನ ಬಗಲಾಗಿತ್ತು. ಆವಾಗಿನ್ನ ಅಂಗನವಾಡಿಗೆ ಹಾಕಿದ್ರು, ಮಾತೂ ತೊದಲ. ಎತ್ತರ ಅಪ್ಪನ್ದು. ಅವರ ಅಜ್ಜನೂ ಬಾಗಿಲಕ್ಕ ತಲಿ ಬಡಿಸ್ಕೋತಿದ್ದ.” ಪದ್ಮವ್ವ ಲಾಳಿ ನಿಲ್ಲಿಸಿ ಅವಳನ್ನು ದಿಟ್ಟಿಸಿದಳು. “ನೀವು ಯಾರ್ರಿ? ವಯಸ್ಸು ಯಾಕ ಕೇಳಾಕತ್ತೀರಿ?”

ಸವಿತಾ ಏನೋ ಒಂದು ಹೇಳಿ ಎದ್ದಳು. ಶೆಡ್ಡಿಗೆ ಹೋಗಿ ಹೊರಗಿನಿಂದಲೇ ಇಣುಕಿದಳು. ನಿಲ್ಲಿಸಿದ ಕಲ್ಲಿನ ಚಪ್ಪಡಿಗಳ ನಡುವೆ ಹಗ್ಗ ಕಟ್ಟಿತ್ತು. ತಗಡಿನ ಚಾವಣಿ ತೀರ ಕೆಳಗೆ. ಶಟಲ್ ಸ್ವಲ್ಪ ಎತ್ತಿದರೆ ತಗಡಿಗೆ ತಾಗುತ್ತದೆ. ಅದಕ್ಕೇ ಹುಡುಗಿ ಚಪ್ಪಟೆ ಹೊಡೆತ ಕಲಿತದ್ದು. ಯಾರೂ ಕಲಿಸಿಲ್ಲ ಎಂದದ್ದು ಖರೆ ಇತ್ತು. ಸವಿತಾ ಒಳಗೆ ಹೋಗಿ ಮಾತಾಡಿಸದೆ ತಿರುಗಿದಳು.

ವಾಪಸು ಬಸ್ಸಿಗೆ ಇನ್ನೂ ಹೊತ್ತಿತ್ತು. ವಿಜಯಮಹಾಂತೇಶರ ತಾಯಿ ಗುರುಲಿಂಗವ್ವ ಪೇಟೆಯ ಹಳೆ ಮನೆಯಲ್ಲೇ ಇರುತ್ತಿದ್ದರು. ಇಳಕಲ್ಲಿಗೆ ಬಂದು ಅವರನ್ನು ಕಾಣದೆ ಹೋದರೆ ಚೆನ್ನಲ್ಲ ಎಂದು ಆ ಕಡೆ ಹೋದಳು. ವಿಭೂತಿ ಹಚ್ಚಿದ ತುಂಬು ಮುಖದ ಅಜ್ಜಿ ಕೈಹಿಡಿದು ಕೂಡಿಸಿಕೊಂಡರು. ರೊಟ್ಟಿ, ಬದನೆಯ ಎಣಗಾಯಿ ಬಂತು.

“ನಮ್ಮ ಮಹೇಶಿ ಸೋತ್ಲಂತಲ್ರಿ ಅಕ್ಕೋರ. ಸೋಲ್ಲಿ ಬಿಡ್ರಿ. ಹುಟ್ಟಾಗಿಂದ ಗಟ್ಟಿ ಜೀವ ಅದು. ಮಹಾಪೂರದಾಗ ಹುಟ್ಟಿದ ಕೂಸು.”

ಸವಿತಾಳ ಕೈಯ ತುತ್ತು ನಿಂತಿತು. “ಯಾವ ಮಹಾಪೂರರಿ ಆಯಿ?”

“ಅದ, ಮಲಪ್ರಭಾ ಹೊಳಿ ಊರೂರ ನುಂಗಿತ್ತಲ್ಲ! ಸೊಸಿ ತವರಿನ್ಯಾಗ ಇದ್ಲು. ಸುತ್ತಲೂ ನೀರು, ದವಾಖಾನಿಗೆ ಒಯ್ಯಾಕ ದಾರಿ ಇಲ್ಲ. ಸಾಲಿ ಮಾಳಿಗಿ ಮ್ಯಾಲೆ ಹಡದ್ಲು.”

ಆ ವರ್ಷ ಸವಿತಾಳಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. 2009. ಅವಳ ಮದುವೆಯಾದ ವರ್ಷ. ತವರಿನ ಕುರಿಹಟ್ಟಿ ಅದೇ ನೀರಿನಲ್ಲಿ ಕೊಚ್ಚಿಹೋಗಿತ್ತು. ಆ ನೀರಿನಲ್ಲಿ ಹುಟ್ಟಿದ ಕೂಸಿಗೆ ಈಗ ಹದಿನಾರು. ಕೋರ್ಟಿನಲ್ಲಿ ಎಲ್ಲರಿಗೂ ಹೇಳುತ್ತಿದ್ದದ್ದು ಹದಿನಾಲ್ಕು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ನಾಲ್ಕು ವರ್ಷ ಹಿಂದಕ್ಕೆ ಹೋದಳು. ಹತ್ತು ವರ್ಷದವಳೆಂದು ಬಂದ ಮಹೇಶ್ವರಿ ಮೊದಲ ವಾರವೇ ಹಿಂದಿನ ಗೆರೆಯಿಂದ ಹಿಂದಿನ ಗೆರೆಗೆ ಶಟಲ್ ಮುಟ್ಟಿಸಿದ್ದಳು. ಬೇರೆ ಮಕ್ಕಳು ಹುಟ್ಟುಹಬ್ಬಕ್ಕೆ ಕೋರ್ಟಿಗೆ ಪೇಢೆ ತಂದು ಹಂಚುತ್ತಿದ್ದರು, ಮಹೇಶ್ವರಿ ಒಮ್ಮೆಯೂ ತಂದಿರಲಿಲ್ಲ. ಊರ ಹುಡುಗಿಯರ ಹಲ್ಲೆಲ್ಲ ನೋಡಿದವಳು ಈ ಹುಡುಗಿಯ ಹಲ್ಲು ನೋಡಿರಲಿಲ್ಲ. ನೋಡಬೇಕೆಂದು ಅನಿಸಿಯೇ ಇರಲಿಲ್ಲ. ಅವಳು ಗೆದ್ದಾಗ ತನ್ನದೇ ಹಳೆಯ ಸೋಲು ತೀರಿತು ಎಂದುಕೊಂಡಿದ್ದಳು. ಆ ಗೆಲುವಿನ ಎದುರು ಅಳುತ್ತ ಮನೆಗೆ ಹೋದ ಹುಡುಗಿಯರು ಎಷ್ಟು ಜನ!

ಮರುದಿನ ಬೆಳಿಗ್ಗೆ ಉಳಿದ ಮಕ್ಕಳು ಬರುವ ಮೊದಲೇ ಮಹೇಶ್ವರಿ ಬಂದು ಬೂಟಿನ ದಾರ ಕಟ್ಟುತ್ತಿದ್ದಳು. ಸವಿತಾ ಪಕ್ಕದಲ್ಲಿ ಕೂತಳು.

“ಮಹೇಶಿ, ನಿನ್ನ ಹುಟ್ಟುಹಬ್ಬ ಯಾವಾಗ?”

ಹುಡುಗಿಯ ಕೈ ದಾರದ ಮೇಲೇ ನಿಂತಿತು. “ಅಜ್ಜಿ ಹೇಳಿದ್ಲೇನ್ರಿ?” ಎಂದಳು.

“ಹೂಂ.”

“ನನಗೂ ಗೊತ್ತೈತಿ ಮೇಡಂ. ಸಾಲಿ ಬದಲಿ ಮಾಡಿದಾಗ ಅಪ್ಪಾಜಿ ವಯಸ್ಸು ಎರಡು ವರ್ಷ ಕಡಿಮಿ ಬರೆಸಿ ಕೆಳಗಿನ ವರ್ಗಕ್ಕ ಹಾಕ್ಸಿದ್ರು. ನನ್ನ ಗೆಳತ್ಯಾರು ಈಗ ಕಾಲೇಜಿಗೆ ಹೊಂಟಾರ. ಹಾದ್ಯಾಗ ಸಿಕ್ರ ನಾ ಓಣಿ ತಪ್ಪಿಸಿ ಹೋಗ್ತೇನಿ.” ಅವಳ ಕಣ್ಣು ತುಂಬಿಕೊಂಡವು. “ಆ ದಿಲಶಾದ ನನ್ನ ಸೋಲಿಸಿದಾಗ ನನಗ ಖರೇನ ಹಗುರಾತ್ರಿ.”

ಸವಿತಾ ಅವಳ ಬೆನ್ನ ಮೇಲೆ ಕೈಯಿಟ್ಟಳು. ಬೈಯಬೇಕೆಂದು ಬಂದಿದ್ದವಳು ಬಾಗಿ ಅವಳ ಬೂಟಿನ ದಾರ ತಾನೇ ಕಟ್ಟಿದಳು.

ಸಂಜೆ ವಿಜಯಮಹಾಂತೇಶ ಬಂದರು. “ಸಂಘದವರು ನಾಳೆ ಸೇರ್ತಾರ. ಬರ್ತೀರಲ್ರಿ ಮೇಡಂ?”

“ಬರ್ತೇನ್ರಿ. ಆದ್ರ ದಿಲಶಾದ ಹದಿಮೂರರಾಕಿ. ನಾ ಹೋಗಿ ವಿಚಾರಿಸೇನಿ. ಮಹೇಶ್ವರಿ ಹದಿನಾರರಾಕಿ. ಹೇಳಿದ್ರ ಎರಡೂ ಹೇಳ್ತೇನಿ.”

ಅವರ ಮುಖ ಕೆಂಪೇರಿತು. “ಯಾರು ಹೇಳಿದ್ರು ನಿಮಗ?”

“ಯಾರರ ಹೇಳಿರ್ಲಿ. ಸುಳ್ಳಂತ ನೀವು ಹೇಳ್ರಿ, ಕೇಳ್ತೇನಿ.”

“ಎಲ್ಲಾರೂ ಮಾಡ್ತಾರ್ರಿ ಇದನ್ನ! ನಾ ಒಬ್ನ ಏನು? ಎದುರಿನವರು ಹಂಗ ಬಂದಾಗ ನನ್ನ ಮಗಳು ಬರೆಗೈಲೆ ನಿಲ್ಲಬೇಕೇನು?”

“ನಾನೂ ನಿಂತಿದ್ದೇನ್ರಿ ಹಂಗ. ಸೋತೇನಿ.”

ಅವರು ದನಿ ತಗ್ಗಿಸಿ, “ಈ ಕೋರ್ಟಿನ ಕೀಲಿ ನನ್ನ ಕಡೆ ಐತಿ ಅನ್ನೋದು ಮರೀಬ್ಯಾಡ್ರಿ,” ಎಂದರು.

ದೂರು ಹೋಗಲಿಲ್ಲ. ಸಂಘದವರೆದುರು ಬಾಯಿಬಿಡಲು ವಿಜಯಮಹಾಂತೇಶರಿಗೆ ಧೈರ್ಯ ಸಾಲಲಿಲ್ಲ. ಸವಿತಾಳ ಕೆಲಸ ಮಾತ್ರ ಆ ತಿಂಗಳಿಗೇ ಹೋಯಿತು. ಮಹೇಶ್ವರಿಯ ಮನೆಯಲ್ಲಿ ಏನು ನಡೆಯಿತೋ ಹೊರಗೆ ಬರಲಿಲ್ಲ. ಎರಡು ದಿನ ಹುಡುಗಿ ಉಣ್ಣಲಿಲ್ಲ ಎಂದು ಗುರುಲಿಂಗವ್ವ ಹೇಳಿಕಳಿಸಿದರು. ಮುಂದಿನ ಪಂದ್ಯಾವಳಿಗೆ ಅವಳು ಹದಿನೇಳರ ಒಳಗಿನವರಲ್ಲಿ ಹೆಸರು ಕೊಟ್ಟು, ಎರಡನೆಯ ಸುತ್ತಿನಲ್ಲೇ ಸೋತಳು. ಸೋತ ಸಂಜೆ ಸವಿತಾಳಿಗೆ ಫೋನ್ ಮಾಡಿ, “ಬ್ಯಾಕ್‌ಹ್ಯಾಂಡ್ ಹೊಡೆತ ಇನ್ನೂ ಹದಕ್ಕ ಬಂದಿಲ್ರಿ ಮೇಡಂ, ಏನು ಮಾಡ್ಲಿ?” ಎಂದು ಕೇಳಿದಳು. ವಯಸ್ಸಿನ ಮಾತು ಇಬ್ಬರೂ ತೆಗೆಯಲಿಲ್ಲ.

ಕೆಲಸ ಹೋದ ಮೇಲೆ ಸವಿತಾ ಇನ್ನೊಮ್ಮೆ ಇಳಕಲ್ಲಿಗೆ ಹೋದಳು. ಈ ಸಲ ನೆವವಿರಲಿಲ್ಲ. ದಿಲಶಾದಳಿಗೆ ಕಲಿಸಬೇಕೆಂಬ ಆಸೆ ನಿಜವಾಗಿಯೂ ಹುಟ್ಟಿತ್ತು. ಮಲೀಕಸಾಬ ಶೆಡ್ಡಿನ ಬಾಗಿಲಲ್ಲೇ ತಡೆದ. ತಲೆ ಮೀಸೆಯೆಲ್ಲ ಕಲ್ಲಿನ ಬಿಳಿ ಧೂಳು.

“ಅವತ್ತು ಪದ್ಮಕ್ಕನ ಕಡೆ ಕೂತು ನನ್ನ ಮಗಳ ವಯಸ್ಸು ಕೇಳಿದವರು ನೀವ ಅಲ್ರಿ?”

“ಹೌದ್ರಿ, ನಾನ.”

“ಯಾರು ಕಳಿಸಿದ್ರು? ಕಲ್ಲಿನ ಸಾವಕಾರ್ರು?”

“ಯಾರೂ ಕಳಿಸಿಲ್ರಿ. ನನಗ ಅನುಮಾನ ಬಂದಿತ್ತು. ತಪ್ಪಾತು.”

“ಇವತ್ತು ಕಲಸ್ತೇನಿ ಅಂತೀರಿ. ನಾ ಹೆಂಗ ನಂಬ್ಲಿ? ಹುಡುಗಿನ್ನ ಎಲ್ಲಿಗರ ಒಯ್ದು ವಯಸ್ಸು ಸುಳ್ಳಂತ ಏನರ ಬರಸ್ಕೊಂಡ್ರ?”

“ನಂಬಬ್ಯಾಡ್ರಿ,” ಎಂದಳು ಸವಿತಾ. “ನೀವೂ ಬಂದು ಕುಂದರ್ರಿ. ನಿಮ್ಮ ಕಣ್ಣ ಮುಂದ ಕಲಸ್ತೇನಿ.”

ಮಲೀಕಸಾಬ ಮಗಳ ಕಡೆ ತಿರುಗಿದ. ದಿಲಶಾದ ಚಪ್ಪಡಿಯ ಹಿಂದೆ ರಾಕೆಟ್ ಎದೆಗವಚಿಕೊಂಡು ನಿಂತಿದ್ದಳು. ಅವನು ಬಾಗಿಲಿಂದ ಪಕ್ಕಕ್ಕೆ ಸರಿದ.

ಈಗ ಲಗ್ನ ಇಲ್ಲದ ಭಾನುವಾರಗಳಲ್ಲಿ ಇಳಕಲ್ಲಿನ ಒಂದು ಮಂಗಲ ಕಾರ್ಯಾಲಯದ ಸಭಾಂಗಣದಲ್ಲಿ ನೆಟ್ ಕಟ್ಟುತ್ತಾರೆ. ಚಾವಣಿ ಎತ್ತರವಿದೆ. ದಿಲಶಾದ ಶಟಲ್ ಮೇಲಕ್ಕೆತ್ತುವುದನ್ನು ಹೊಸದಾಗಿ ಕಲಿಯುತ್ತಿದ್ದಾಳೆ, ಎತ್ತಿದಾಗಲೆಲ್ಲ ತಗಡಿಗೆ ತಾಗೀತೆಂಬ ಹಳೆಯ ಹೆದರಿಕೆಗೆ ತಲೆ ತಗ್ಗಿಸುತ್ತಾಳೆ. ಮಲೀಕಸಾಬ ಗೋಡೆಗೆ ಕುರ್ಚಿ ಹಾಕಿಕೊಂಡು ಮೊದಲಿಂದ ಕಡೆಯವರೆಗೂ ಕೂತಿರುತ್ತಾನೆ. ಸವಿತಾ ಹುಡುಗಿಯ ಕೈ ಹಿಡಿದು ತಿದ್ದಿದರೆ ಮುಂದಕ್ಕೆ ಬಾಗುತ್ತಾನೆ. ಅವಳು ಚೀಲದಲ್ಲಿ ಕೈಹಾಕಿದರೆ ಏನು ತೆಗೆಯುತ್ತಾಳೆಂದು ನೋಡುತ್ತಾನೆ. ಸವಿತಾ ಅವನಿಗೆ ಕಾಣುವಂತೆ ಚೀಲವನ್ನು ಬೆಳಕಿನ ಕಡೆ ತಿರುಗಿಸಿ ಇಟ್ಟು, ಹೊಸ ಶಟಲ್ ತೆಗೆದು ಹುಡುಗಿಯ ಕಡೆ ಎಸೆಯುತ್ತಾಳೆ.