ಇಲ್ಲಿ ಮಾಲಿನ್ಯ ನಿಕ್ಷೇಪಿಸಿರಿ

ನಾನು ಕನ್ನಡ ಟೀಚರು. ನಮ್ಮ ಕಾಸರಗೋಡಿನ ಕಡೆ ಕನ್ನಡ ಟೀಚರೆಂದರೆ ಶಾಲೆಯಲ್ಲಿ ಪಾಠ ಮಾಡುವವಳು ಮಾತ್ರವಲ್ಲ. ರೇಷನ್ ಆಫೀಸಿನ ಪತ್ರ, ಕರೆಂಟಿನವರ ನೋಟೀಸು, ಬ್ಯಾಂಕಿನ ಮೆಸೇಜು, ಹೀಗೆ ಮಲಯಾಳದಲ್ಲಿ ಬಂದದ್ದನ್ನೆಲ್ಲ ಊರಿಗೆ ಓದಿ ಹೇಳಬೇಕಾದವಳು. ಬೆಳಗ್ಗೆ ಚಾ ಕುಡಿಯುವ ಹೊತ್ತಿಗೆ ಯಾರಾದರೊಬ್ಬರು ಕಾಗದ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿರುತ್ತಾರೆ. ಸಂಬಳವಿಲ್ಲದ ಈ ಎರಡನೆಯ ಉದ್ಯೋಗದ ಬಗ್ಗೆ ನನಗೆ ಬೇಸರವಿಲ್ಲ. ಊರಿನವರೆಲ್ಲ ನನ್ನಿಂದ ಓದಿಸುತ್ತಾರೆ, ಆದರೆ ಪಂಚಾಯತಿನವರು ಬರೆಯುವ ಮೊದಲು ಒಂದು ಮಾತು ಕೇಳುವುದಿಲ್ಲ ಎಂಬುದೇ ನನ್ನ ಸಿಟ್ಟು. ಕೇಳಿದ್ದರೆ ಈ ಬೋರ್ಡಿನ ಕಥೆಯೇ ಇರುತ್ತಿರಲಿಲ್ಲ.

ನಮ್ಮ ಮನೆಯಿಂದ ಕಡಲಿಗೆ ಹೋಗುವ ದಾರಿಯ ಕೊನೆಗೆ ಗಾಳಿಮರಗಳ ಒಂದು ಸಾಲು, ಅದರ ಮುಂದೆ ಒಂದಿಷ್ಟು ಸಮತಟ್ಟಾದ ಹೊಯಿಗೆ, ಅಂದರೆ ಕಡಲ ಮರಳು. ಆ ಹೊಯಿಗೆಯ ಮೇಲೆ ಹಳೆ ಬಲೆ ಹಾಸಿ ನಮ್ಮ ನೆರೆಮನೆಯ ಅಕ್ಕ ಮೀನು ಒಣಗಿಸುತ್ತಿದ್ದರು. ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ಊರಿಗೆಲ್ಲ ಅವರು ಅಕ್ಕನೇ. ಅವರ ಅತ್ತೆ ಅಲ್ಲಿಯೇ ಒಣಗಿಸುತ್ತಿದ್ದರಂತೆ, ಅತ್ತೆಯ ಅತ್ತೆಯೂ ಅಲ್ಲಿಯೇ. ಬೂತಾಯಿ, ನಂಗು, ಸಿಗಡಿ, ಯಾವುದು ಅಗ್ಗಕ್ಕೆ ಸಿಕ್ಕಿತೋ ಅದನ್ನು ಉಪ್ಪು ಹಾಕಿ ಒಣಗಿಸಿ ಮಳೆಗಾಲಕ್ಕೆ ಮಾರುವುದು ಅವರ ಜೀವನ. ಗಂಡ ತೀರಿಹೋದ ಮೇಲೆ ಮಗಳ ನರ್ಸಿಂಗ್ ಓದು ನಡೆಯುತ್ತಿದ್ದದ್ದೂ ಆ ಹೊಯಿಗೆಯ ಮೇಲೆಯೇ.

ಜಾಗಕ್ಕೆ ಕಾಗದಪತ್ರ ಏನೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಅದು ಪುರಂಬೋಕು, ಅಂದರೆ ಯಾರದ್ದೂ ಅಲ್ಲದ ಸರ್ಕಾರಿ ಭೂಮಿ. ಅಕ್ಕನ ಲೆಕ್ಕದಲ್ಲಿ ಅದು ಬಿಸಿಲು ಚೆನ್ನಾಗಿ ಬೀಳುವ ಜಾಗ. ಪಂಚಾಯತಿಗೆ ಆ ಜಾಗದ ನೆನಪಾಗುತ್ತಿದ್ದದ್ದು ಪರಿಸರ ದಿನಕ್ಕೆ ಮಾತ್ರ. ಆ ದಿನ ಅಧ್ಯಕ್ಷರಿಂದ ಹಿಡಿದು ಎಲ್ಲರೂ ಬಂದು ಗಾಳಿಮರದ ಒಂದು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಆಡು ತಿನ್ನುತ್ತಿತ್ತು. ಮುಂದಿನ ವರ್ಷ ಅದೇ ಗುಂಡಿಗೆ ಹೊಸ ಸಸಿ. ಗುಂಡಿ ತೋಡುವ ಖರ್ಚಾದರೂ ಉಳಿಯುತ್ತಿತ್ತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಕೆಲವು ವರ್ಷಗಳಿಂದ ಕಸದ ಉಪದ್ರ ಶುರುವಾಗಿತ್ತು. ಬೈಕಿನಲ್ಲಿ ಬಂದು ಪ್ಲಾಸ್ಟಿಕ್ ಚೀಲವನ್ನು ಗಾಳಿಮರದ ಬುಡಕ್ಕೆ ಎಸೆದು ಹಿಂದೆ ನೋಡದೆ ಹೋಗುವವರು. ಚೀಲದ ಹಿಂದೆ ನಾಯಿ, ನಾಯಿಯ ಹಿಂದೆ ಕಾಗೆ, ಎಲ್ಲದರ ಹಿಂದೆ ಕೋಲು ಹಿಡಿದ ಅಕ್ಕ. ಗ್ರಾಮಸಭೆಯಲ್ಲಿ ಅಕ್ಕ ಎದ್ದು ನಿಂತು, ಕಸ ಹಾಕಬೇಡಿ ಎಂದು ಒಂದು ಬೋರ್ಡಾದರೂ ಹಾಕಿ ಎಂದು ಕೇಳಿಕೊಂಡರು. ಅವರು ಪಂಚಾಯತಿನಲ್ಲಿ ಬಾಯಿಬಿಟ್ಟು ಕೇಳಿದ್ದು ಜೀವಮಾನದಲ್ಲಿ ಅದೊಂದೇ. ನಮ್ಮ ವಾರ್ಡಿನ ಮೆಂಬರು ಒಳ್ಳೆಯ ಹುಡುಗ, ಅಕ್ಕನ ಕೈಯ ಮೀನು ಸಾರು ಉಂಡು ಬೆಳೆದವನು. ಬೇಗನೆ ಬೋರ್ಡು ಹಾಕಿಸಿದ. "ಇವಿಡೆ ಮಾಲಿನ್ಯಂ ನಿಕ್ಷೇಪಿಕ್ಕರುತ್" ಎಂದು ಮಲಯಾಳದಲ್ಲಿ ದಪ್ಪಕ್ಷರ. ಇಲ್ಲಿ ಕಸ ಹಾಕಬಾರದು ಎಂದು ಅರ್ಥ. ಕೆಳಗೆ, ತಪ್ಪಿದರೆ ದಂಡ.

ಕನ್ನಡ ಇರಲಿಲ್ಲ. ಗಡಿನಾಡಿನಲ್ಲಿ ಎರಡು ಭಾಷೆಯಲ್ಲೂ ಬೋರ್ಡು ಇರಬೇಕೆಂದು ನಿಯಮ ಉಂಟು. ನಮ್ಮ ನಿವೃತ್ತ ಹೆಡ್ ಮಾಸ್ಟ್ರು ಕನ್ನಡಕ್ಕಾಗಿ ಅರ್ಜಿ ಬರೆದು ಬರೆದೇ ಬೆರಳು ಸವೆಸಿದವರು. ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಅವರು ಜಗಳವಾಡದೆ ನಮಗೆ ಏನೂ ಸಿಕ್ಕಿಲ್ಲ. ಈಗಲೂ ಜಗಳವಾಡಿದರು. ನಾನೂ ಅವರ ಜೊತೆಗೆ ಸಹಿ ಹಾಕಿದೆ, ಈಗಲೂ ಹಾಕುತ್ತೇನೆ. ಪಂಚಾಯತಿಗೂ ಬೇರೆ ದಾರಿ ಇರಲಿಲ್ಲ, ಒಪ್ಪಿದರು.

ಆಮೇಲೆ ನಡೆದದ್ದನ್ನು ಮೆಂಬರ್ ನನಗೆ ತಾನಾಗಿಯೇ ಹೇಳಿದ. ಆಫೀಸಿನ ಕ್ಲರ್ಕು ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದವರು, ಕನ್ನಡದ ಒಂದಕ್ಷರ ಬಾರದು. ಪೇಂಟರು ಗಡಿಯಾಚೆಯವನು, ಮಲಯಾಳ ಬಾರದು. ಕ್ಲರ್ಕು ಫೋನಿನಲ್ಲಿ ಮಲಯಾಳ ವಾಕ್ಯವನ್ನು ನಿಧಾನಕ್ಕೆ ಓದಿದರು, ಪೇಂಟರು ಕೇಳಿಸಿಕೊಂಡ. "ನಿಕ್ಷೇಪಿಕ್ಕರುತ್" ಎಂಬಲ್ಲಿ ಕೊನೆಗೆ ಬರುವ "ಅರುತ್" ಎಂದರೆ ಕೂಡದು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? "ಮಾಡಿರಿ, ಬನ್ನಿರಿ" ಎಂಬಂತೆ ಏನೋ ಗೌರವದ ಮಾತು ಎಂದು ತಿಳಿದ. ದಂಡದ ಸಾಲು ಮಾತ್ರ ಅವನಿಗೆ ಬಾಯಿಪಾಠ, ಎಲ್ಲ ಬೋರ್ಡಿಗೂ ಬರೆದು ರೂಢಿಯಿತ್ತು. ಹಾಗೆ ಕಡಲ ಬದಿಯಲ್ಲಿ ನೀಲಿ ಬಣ್ಣದಲ್ಲಿ, ಅಚ್ಚುಕಟ್ಟಾದ ಅಕ್ಷರಗಳಲ್ಲಿ ಕನ್ನಡ ಬಂತು: "ಇಲ್ಲಿ ಮಾಲಿನ್ಯ ನಿಕ್ಷೇಪಿಸಿರಿ. ತಪ್ಪಿದಲ್ಲಿ ದಂಡ ವಿಧಿಸಲಾಗುವುದು."

ನೋಡಿ ನನಗೆ ಮೊದಲು ನಗು ಬಂತು. ನಮ್ಮ ಕನ್ನಡದಲ್ಲಿ ನಿಕ್ಷೇಪ ಎಂದರೆ ನೆಲದಡಿಯ ನಿಧಿ. ಪಂಚಾಯತು ನಮಗೆ ಕಸವನ್ನೇ ನಿಧಿಯಂತೆ ಹೂಳಿ ಎನ್ನುತ್ತಿದೆ, ಹೂಳದಿದ್ದರೆ ದಂಡ ಬೇರೆ! ಅಕ್ಕನಿಗೆ ಓದಲು ಬಾರದು, ಮಲಯಾಳವೂ ಇಲ್ಲ, ಕನ್ನಡವೂ ಇಲ್ಲ. ಮನೆಯಲ್ಲಿ ಆಡುವ ತುಳುವಿಗೆ ಯಾವ ಬೋರ್ಡಿನಲ್ಲೂ ಜಾಗವಿಲ್ಲ. ನಾವಿಬ್ಬರು ಮಾತಾಡುವುದೂ ತುಳುವಿನಲ್ಲಿಯೇ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ ಅಷ್ಟೆ. ಬೋರ್ಡು ಹೇಳುವುದನ್ನು ಅವರಿಗೆ ವಿವರಿಸಿದೆ. ಅವರು ನಗಲಿಲ್ಲ. ಈಗಲೇ ಹೋಗಿ ಸರಿ ಮಾಡಿಸಿ ಎಂದರು.

ನಾನು ಹೋಗುವ ಮೊದಲೇ ಓದುಗರು ಬಂದರು. ಕನ್ನಡ ಪುಸ್ತಕ ಕೊಳ್ಳುವವರಿಲ್ಲ ಎಂದು ಗೊಣಗುವ ನಾವು, ಒಂದು ಬೋರ್ಡನ್ನು ಜನ ಇಷ್ಟು ಶ್ರದ್ಧೆಯಿಂದ ಓದಿ ಪಾಲಿಸುವುದನ್ನು ನೋಡಿಯೇ ಇರಲಿಲ್ಲ. ಗಡಿಯ ಕುಂಜತ್ತೂರು ದಾಟಿ ಬಂದ ಟೆಂಪೋ ಒಂದು ಮದುವೆ ಊಟದ ಪ್ಲೇಟು, ಗ್ಲಾಸು, ಐಸ್‌ಕ್ರೀಮಿನ ಕಪ್ಪುಗಳನ್ನು ರಾಶಿ ಹಾಕುತ್ತಿತ್ತು. ನಾನು ಓಡಿಹೋಗಿ ಡ್ರೈವರನನ್ನು ಬಾಯಿಗೆ ಬಂದಂತೆ ಬೈದೆ. ಅವನು ಸಾವಧಾನವಾಗಿ ಮೊಬೈಲ್ ತೆಗೆದು ಬೋರ್ಡಿನ ಫೋಟೋ ತೋರಿಸಿದ.

"ಎಂತ ಟೀಚರೇ, ನಿಮ್ಮ ಪಂಚಾಯತೇ ಹೇಳಿದೆಯಲ್ಲ. ಬೇರೆ ಕಡೆ ಹಾಕಿದರೆ ನನಗೆ ದಂಡ ಬೀಳುದಿಲ್ವಾ?"

ಕನ್ನಡ ಟೀಚರಿಗೆ ಕನ್ನಡದಲ್ಲಿಯೇ ಉತ್ತರ ಸಿಕ್ಕಿತ್ತು. ನಾನು ಅಲ್ಲಿಂದಲೇ ಪಂಚಾಯತಿಗೆ ಹೊರಟೆ.

ಪಂಚಾಯತಿಗೆ ಹೋದರೆ, ತಪ್ಪೆಂದು ಎಲ್ಲರೂ ಒಪ್ಪಿದರು. ತಿದ್ದುವುದಕ್ಕೆ ಕಮಿಟಿಯಲ್ಲಿ ಇಡಬೇಕು ಎಂದರು. ನಾನೇ ಬಣ್ಣ ತಂದು ಬರೆಯುತ್ತೇನೆ ಎಂದೆ. ಸಾರ್ವಜನಿಕ ಸೊತ್ತಿಗೆ ಹಾನಿ ಮಾಡಿದಂತಾಗುತ್ತದೆ ಎಂದರು. ಹಾಗಾದರೆ ಕನ್ನಡದ ಸಾಲನ್ನು ಸದ್ಯಕ್ಕೆ ಅಳಿಸಿಬಿಡಿ ಎಂದೆ. ಅದು ಹೇಗೋ ಮಾಸ್ಟ್ರ ಕಿವಿಗೆ ಬಿತ್ತು. ಸಂಜೆಯೇ ಮನೆಗೆ ಬಂದು, ಚಾವನ್ನೂ ಮುಟ್ಟದೆ, ನಾನು ಕನ್ನಡ ಅಳಿಸಲು ಹೇಳಿದ್ದು ನಿಜವೇ ಎಂದು ಕೇಳಿದರು. ಅಳಿಸಲು ಒಮ್ಮೆ ಒಪ್ಪಿದರೆ ಅವರು ಮತ್ತೆ ಬರೆಯುವುದೇ ಇಲ್ಲ, ಹೊಸದು ಬರಲಿ, ಆಮೇಲೆ ಹಳೆಯದು ಹೋಗಲಿ ಎಂದು ಅವರ ವಾದ. ಅವರು ಕಂಡುಂಡ ಮೋಸಗಳನ್ನು ನೆನೆದರೆ ಆ ವಾದದಲ್ಲಿ ಹುರುಳಿತ್ತು. ಆದರೆ ಕಸ ಬೀಳುತ್ತಿದ್ದದ್ದು ಅವರ ಅಂಗಳಕ್ಕಲ್ಲ.

ಅಕ್ಕ ತಮಗೆ ತಿಳಿದ ಉಪಾಯ ಮಾಡಿದರು. ಬೋರ್ಡಿನ ಮೇಲೆ ಒಂದು ಹರಿದ ಬಲೆ, ಅದರ ಮೇಲೆ ಹಳೆ ಸೀರೆ ಹೊದಿಸಿದರು. ಮರುದಿನವೇ ಅದರ ಫೋಟೋ ವಾಟ್ಸಾಪಿನಲ್ಲಿ ಹರಿದಾಡಿತು, "ಗಡಿನಾಡಿನಲ್ಲಿ ಕನ್ನಡಕ್ಕೆ ಮುಸುಕು" ಎಂಬ ತಲೆಬರಹದೊಂದಿಗೆ. ಎಲ್ಲೆಲ್ಲಿಂದಲೋ ಜನ ವ್ಯಾನು ಮಾಡಿಕೊಂಡು ಬಂದರು. ಬಂದವರು ಬೋರ್ಡು ಓದಿದರೋ ಇಲ್ಲವೋ, ಸೀರೆ ಕಿತ್ತೆಸೆದು ಅದಕ್ಕೆ ಮಲ್ಲಿಗೆ ಹಾರ ಹಾಕಿದರು. ಭಾಷಣವಾಯಿತು, ಜೈಕಾರವಾಯಿತು. ಹೋಗುವಾಗ ನೀರಿನ ಬಾಟಲಿ, ಚಾದ ಕಪ್ಪು, ಉಪ್ಪಿಟ್ಟಿನ ಪ್ಲೇಟುಗಳನ್ನೆಲ್ಲ ಅಲ್ಲಿಯೇ ಬಿಟ್ಟು ಹೋದರು. ಕನ್ನಡಾಭಿಮಾನ ಎಂದರೆ ಹಾಗಿರಬೇಕು, ಬರೆದದ್ದನ್ನು ಚಾಚೂ ತಪ್ಪದೆ ಪಾಲಿಸಿದರು. ಅಕ್ಕ ತಮ್ಮ ಸೀರೆಯನ್ನು ಹೊಯಿಗೆಯಿಂದ ಎತ್ತಿ ಕೊಡವಿಕೊಂಡು ಹೋದರು.

ಅಷ್ಟರಲ್ಲಿ ಅಕ್ಕನ ಬಲೆ ಹಾಸುವ ಜಾಗ ಕಿರಿದಾಗುತ್ತಾ ಬಂದಿತ್ತು. ಒಂದು ಕಡೆ ರಾಶಿ, ಒಂದು ಕಡೆ ಕಡಲು. ಒಣಗಿದ ಬೂತಾಯಿಯ ನಡುವೆ ಶ್ಯಾಂಪೂ ಪ್ಯಾಕೆಟ್ಟು ಸಿಕ್ಕಿತೆಂದು ಖಾಯಂ ಗಿರಾಕಿಯೊಬ್ಬರು ಮೀನು ಹಿಂದೆ ಕೊಟ್ಟರು. ಅಕ್ಕ ಆ ದಿನ ಆ ಮೀನಿನ ಕಟ್ಟನ್ನು ತಂದು ನಮ್ಮ ಜಗಲಿಯಲ್ಲಿಟ್ಟು ಕೂತರು. ಮಗಳ ಓದು ಇನ್ನೂ ಮುಗಿದಿರಲಿಲ್ಲ. ಈ ಜಾಗ ಹೋದರೆ ತಾನು ಎಲ್ಲಿ ಒಣಗಿಸುವುದು ಎಂದು ಕೇಳಿದರು. ಜಾಗ ಎಲ್ಲಿಗೂ ಹೋಗುವುದಿಲ್ಲ, ಕಮಿಟಿಯಲ್ಲಿ ಇಟ್ಟಿದ್ದಾರೆ ಎಂದು ನಾನು ಹೇಳಿದೆ. ನಾನು ಅದನ್ನು ನಂಬಿದ್ದೆ ಕೂಡ.

ಕಮಿಟಿ ಕೂತಿತು, ತೀರ್ಮಾನವೂ ಆಯಿತು. ಮೆಂಬರು ಸ್ಕೂಟರು ನಿಲ್ಲಿಸಿ ಸಂತೋಷದಿಂದ ಹೇಳಿದ. ಎರಡು ಭಾಷೆಯಲ್ಲೂ ಒಂದೇ ಅರ್ಥ ಬರಬೇಕೆಂದು ಮೇಲಿನಿಂದ ಪತ್ರ ಬಂದಿತ್ತಂತೆ. ಅದೇ ಹೊತ್ತಿಗೆ ಪ್ಲಾಸ್ಟಿಕ್ ಸಂಗ್ರಹಿಸುವ ಶೆಡ್ಡಿಗೆ ಹಣ ಬಂದು, ಜಾಗ ಸಿಗದೆ ವಾಪಸು ಹೋಗುವುದರಲ್ಲಿತ್ತು. ಎಲ್ಲ ವಾರ್ಡಿನವರೂ ತಮ್ಮಲ್ಲಿ ಕಸ ಬೇಡವೆಂದರು. ಇಲ್ಲಾದರೆ ಕಸ ಆಗಲೇ ಬಂದಿದೆ, ಜನರಿಗೂ ಅಭ್ಯಾಸವಾಗಿದೆ, ಬೋರ್ಡೂ ಇದೆ. ಹಾಗಾಗಿ ತಿದ್ದಲು ಸುಲಭವಾದದ್ದನ್ನು ತಿದ್ದುವುದು ಎಂದಾಯಿತು.

"ಕನ್ನಡಕ್ಕೆ ಕೈ ಹಾಕಲೇ ಇಲ್ಲ ಟೀಚರೇ. ಮಲಯಾಳವನ್ನೇ ಸರಿ ಮಾಡಿದೆವು."

ನಿಕ್ಷೇಪಿಕ್ಕರುತ್ ಎಂಬುದರ ಬಾಲ ಅಳಿಸಿ ನಿಕ್ಷೇಪಿಕ್ಕುಕ ಎಂದು ಬರೆದರು. ಹಾಕಬಾರದು ಎಂಬುದು ಹಾಕಿರಿ ಎಂದಾಯಿತು. ಮಾಸ್ಟ್ರು ಇದನ್ನು ಕನ್ನಡದ ಗೆಲುವು ಎಂದರು. ಜೀವನದಲ್ಲಿ ಮೊದಲ ಬಾರಿಗೆ ಮಲಯಾಳವು ಕನ್ನಡವನ್ನು ನೋಡಿ ತಿದ್ದಿಕೊಂಡಿತಂತೆ. ಅವರನ್ನು ನಾನು ತುಂಬ ಗೌರವಿಸುತ್ತೇನೆ, ಆದ್ದರಿಂದ ಅಲ್ಲಿಂದ ಎದ್ದು ಬಂದೆ.

ಶೆಡ್ಡಿಗಾಗಿ ಗಾಳಿಮರಗಳು ಉರುಳಿದವು. ಮರ ಕಡಿಯುವ ಅನುಮತಿ ಅಷ್ಟು ಬೇಗ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಕ್ಕ ಕೆಲವು ವರ್ಷಗಳ ಹಿಂದೆ ಅಡುಗೆಕೋಣೆಗೆ ಒಂದು ಶೀಟು ಹಾಕಲು ಹೊರಟಾಗ, ಕಡಲಿಗೆ ಇಷ್ಟು ಹತ್ತಿರ ಏನೂ ಕಟ್ಟಬಾರದೆಂದು ನಿಯಮ ತೋರಿಸಿದ್ದರು. ಈಗ ಕಡಲಿಗೆ ಇನ್ನೂ ಹತ್ತಿರ ಕಬ್ಬಿಣದ ಕಂಬ ನೆಟ್ಟು, ಹಸಿರು ಶೀಟು ಹೊದಿಸಿ, ಸುತ್ತ ಬಲೆಬೇಲಿ ಹಾಕಿದರು. ಇದು ತಾತ್ಕಾಲಿಕ, ತಾತ್ಕಾಲಿಕಕ್ಕೆ ನಿಯಮವಿಲ್ಲ ಎಂದರು. ಸಿಮೆಂಟು ಹಾಕಿದ ತಾತ್ಕಾಲಿಕ. ಅಕ್ಕ ಬಲೆ ಹಾಸುತ್ತಿದ್ದ ಹೊಯಿಗೆ ಬೇಲಿಯ ಒಳಗೆ ಬಂತು.

ಉದ್ಘಾಟನೆಯ ದಿನ ಚೆಂಡೆ, ಬಾಳೆಕಂಬ, ಸಾಲು ಕುರ್ಚಿ. ಅಕ್ಕನನ್ನು ಬಲವಂತವಾಗಿ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಬುಟ್ಟಿ ಹಿಡಿದು ಮೀನಿಗೆ ಹೊರಟಿದ್ದ ಅವರು ಬುಟ್ಟಿಯನ್ನು ಕುರ್ಚಿಯ ಕೆಳಗಿಟ್ಟು ಕೂತರು. ದೊಡ್ಡ ಊರಿನಿಂದ ಬಂದ ಅತಿಥಿಗಳು ಶುದ್ಧ ಮಲಯಾಳದಲ್ಲಿ ಮಾತಾಡಿ, ವೇದಿಕೆಗೆ ಕರೆಸಿ ಅಕ್ಕನಿಗೆ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದ್ದರಿಂದ ಅಕ್ಕನೂ ತಟ್ಟಿದರು.

ಕೆಳಗಿಳಿದು ಬಂದು ನನ್ನ ಪಕ್ಕ ಕೂತು, ಅವರು ಹೇಳಿದ್ದು ಎಂತ ಎಂದು ಕೇಳಿದರು. ನಾನು ಹೇಳಲೇಬೇಕಾಯಿತು. ನಾಡಿನ ಶುಚಿತ್ವಕ್ಕಾಗಿ ಈ ತಾಯಿ ತನ್ನ ಅನ್ನದ ಜಾಗವನ್ನೇ ಸಂತೋಷದಿಂದ ಬಿಟ್ಟುಕೊಟ್ಟರು ಎಂದರು, ಅಂತ ಹೇಳಿದೆ.

ಅಕ್ಕ ಹಾಗೆಯೇ ಎದ್ದರು. ಹೋಗಿ, ಅತಿಥಿಗಳ ಕಾರಿನ ಹತ್ತಿರ ನಿಂತಿದ್ದ ಮೆಂಬರನ ತೋಳು ಹಿಡಿದರು. ನಾನೂ ಹಿಂದೆಯೇ ಹೋದೆ.

"ನಾನು ಕೊಡ್ಲಿಲ್ಲವಲ್ಲ ಮಗಾ. ನನ್ನ ಹತ್ರ ಯಾರೂ ಕೇಳ್ಲೂ ಇಲ್ಲ."

ಅವನು ನಕ್ಕ. ಕೆಟ್ಟ ನಗುವಲ್ಲ, ಮನೆಯ ಹಿರಿಯರಿಗೆ ಸಮಾಧಾನ ಹೇಳುವ ನಗು. ಅಕ್ಕನ ಹೆಗಲಿನಿಂದ ಜಾರಿದ ಶಾಲನ್ನು ಎತ್ತಿ ಸರಿಯಾಗಿ ಹೊದಿಸಿ, ಅವರ ತುಳುವಿನಲ್ಲಿಯೇ ಮೆಲ್ಲಗೆ ಹೇಳಿದ.

"ಗೊತ್ತುಂಟು ಅಕ್ಕ. ಅದು ಪುರಂಬೋಕು. ಕೊಡ್ಲಿಕ್ಕೆ ಅದು ನಿಮ್ಮದೇ ಅಲ್ಲವಲ್ಲ. ಶಾಲು ಹಾಕಿದ್ದು ಮರ್ಯಾದೆಗೆ."

ಇಷ್ಟೆಲ್ಲ ಆದದ್ದರಲ್ಲಿ ಪಂಚಾಯತು ಹೇಳಿದ ಒಂದು ಮಾತು ಅಕ್ಕನಿಗೆ ನೇರವಾಗಿ, ನನ್ನ ಸಹಾಯವಿಲ್ಲದೆ ಅರ್ಥವಾದದ್ದು ಇದೇ ಮೊದಲು. ಆ ದಿನ ದೋಣಿಗಳಿಗೆ ಬೂತಾಯಿ ಹೇರಳವಾಗಿ ಬಂದಿತ್ತು, ಬಿಸಿಲೂ ಚೆನ್ನಾಗಿತ್ತು. ಅಕ್ಕ ಕುರ್ಚಿಯ ಕೆಳಗಿನಿಂದ ಖಾಲಿ ಬುಟ್ಟಿ ತೆಗೆದುಕೊಂಡು ಮನೆಗೆ ಹೋದರು.