ವಾಲ್ವಿನೊಳಗಿನ ಇಳಕಲ್ ನೂಲು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಅಂಬಾರಾಯರು ಆಗಲೇ ಒಂದು ಗೇರ್‌ಬಾಕ್ಸಿನ ಬೋಲ್ಟುಗಳನ್ನು ಸಡಿಲಿಸುತ್ತಿದ್ದಾರೆ. ಶೆಡ್ಡಿನ ತುಂಬ ಸುಟ್ಟ ಎಣ್ಣೆಯ ವಾಸನೆ. ನೆಲಕ್ಕೆ ಸಿಡಿದ ಎಣ್ಣೆಯ ಮೇಲೆ ಅವರು ಮೊದಲು ಮರದ ಹೊಟ್ಟು ಚೆಲ್ಲುತ್ತಾರೆ. ಏಳು ಗಂಟೆಗೆ ಕಸ ಗುಡಿಸಲು ಬರುವ ಕಾಶವ್ವ ಒಮ್ಮೆ ಇಲ್ಲಿ ಜಾರಿ ಬಿದ್ದಿದ್ದಾಳೆ. ಅದಾದ ಮೇಲೆಯೇ ಭೂತಗನ್ನಡಿ ಕೈಗೆತ್ತಿಕೊಳ್ಳುತ್ತಾರೆ.

ರಾಂಜಣಗಾಂವದ ಈ ಕಾರ್ಖಾನೆಯಲ್ಲಿ, ಹೊರದೇಶಕ್ಕೆ ಹೋಗುವ ಪಿಕಪ್ ಗಾಡಿಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜೋಡಿಸುತ್ತಾರೆ. ಇವಕ್ಕೆ ಕ್ಲಚ್ ತುಳಿಯಬೇಕಿಲ್ಲ. ಒಳಗಿನ ಎಣ್ಣೆಯ ಒತ್ತಡವೇ ಗೇರ್ ಬದಲಿಸುತ್ತದೆ. ಕೆಟ್ಟು ವಾಪಸಾದವನ್ನು ಬಿಚ್ಚುವುದು, ಮೈಮೇಲೆ ಕೊರೆದ ನಂಬರು ಹಿಡಿದು ಯಾವ ದಿನ, ಯಾವ ಪಾಳಿ, ಯಾರ ಕೈ ಎಂದು ಹುಡುಕುವುದು ಅಂಬಾರಾಯರ ಕೆಲಸ. ದಿನಕ್ಕೆ ಮೂರು, ವಾರಕ್ಕೆ ಹದಿನೆಂಟು.

"ಸತ್ತವರ ಹೊಟ್ಟಿ ಕೊಯ್ದು ನೋಡೋ ಡಾಕ್ಟರ್ ಇರತಾರಲ್ರಿ, ನಾನೂ ಅಂಥವನ. ಬದುಕಿಸಿದ್ದು ಒಂದೂ ಇಲ್ಲ."

ಆಳಂದದ ಕಡೆಯವರು. ೧೯೯೧ರಲ್ಲಿ ಪಿಂಪ್ರಿಯ ಒಂದು ಕಾರ್ಖಾನೆಗೆ ಬಂದು ಲೇತ್ ಯಂತ್ರ ಕಲಿತರು. ಆ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಎರಡು ವರ್ಷ ಸಿಕ್ಕಿದ ಕಡೆ ದುಡಿದು, ೨೦೦೪ರಲ್ಲಿ ಗುತ್ತಿಗೆದಾರನ ಮೂಲಕ ಇಲ್ಲಿ ಸೇರಿದರು. ಈಗ ೨೦೦೮. ನಲವತ್ತೊಂಬತ್ತರ ಈ ಮನುಷ್ಯ ಇಂದಿಗೂ ಗುತ್ತಿಗೆಯಾಳು.

ಕಳೆದ ಬೇಸಿಗೆಯಲ್ಲಿ ವಾಪಸಾದ ಗೇರ್‌ಬಾಕ್ಸುಗಳಲ್ಲಿ ಇಪ್ಪತ್ತಮೂರಕ್ಕೆ ಒಂದೇ ಕಾಯಿಲೆ: ಎರಡನೆಯ ಗೇರಿನಿಂದ ಮೇಲೇರುತ್ತಿರಲಿಲ್ಲ. ಎಣ್ಣೆಯ ದಾರಿಯಲ್ಲಿರುವ ಕಿರುಬೆರಳಿನಷ್ಟು ವಾಲ್ವು ಸಿಕ್ಕಿಕೊಂಡಿತ್ತು. ಭೂತಗನ್ನಡಿ ಹಿಡಿದರೆ ಅಲ್ಲಿ ಒಂದು ಎಳೆ ನೂಲು. ಕಾರ್ಖಾನೆ ಕೊಡುವ ಒರೆಸುವ ಬಟ್ಟೆ ಬಿಳಿ, ನೂಲು ಬಿಡುವುದಿಲ್ಲ. ಇದು ಕೆಂಪು ಹತ್ತಿ.

"ಇಳಕಲ್ ಸೀರೀ ಸೆರಗಿನ ಬಣ್ಣರಿ. ನನ್ನ ಹೆಂಡತಿ ಉಡತಾಳ. ನೋಡಿದ ಕೂಡಲೇ ಇದು ನಮ್ಮ ಕಡೀ ಹೆಣ್ಣಮಗಳ ಕೈ ಅಂತ ಗೊತ್ತಾತು."

ನಂಬರು ನಾಲ್ಕನೆಯ ಬೆಂಚನ್ನು ತೋರಿಸಿತು. ಅಲ್ಲಿ ಹುಲಿಗೆವ್ವ. ಗಂಡ ತೀರಿದ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದವಳು. ಈ ಕೆಲಸಕ್ಕೆ ಸೇರಿಸಿದವರೂ ಅಂಬಾರಾಯರೇ. ಬೆಂಚಿನ ಆರು ಹೆಂಗಸರಿಗೆ ಪಾಳಿಗೊಂದೇ ಬಿಳಿ ಬಟ್ಟೆ ಸಿಗುತ್ತಿತ್ತು. ಗಂಟೆಯೊಳಗೆ ಅದು ಎಣ್ಣೆ ಕುಡಿದು ಕಪ್ಪಾಗುತ್ತಿತ್ತು. ಕೊಳೆಬಟ್ಟೆಯಿಂದ ಒರೆಸಲು ಮನಸ್ಸಾಗದೆ ಹುಲಿಗೆವ್ವ ತಾಯಿಯ ಹಳೆಯ ಸೀರೆಯನ್ನು ಕುದಿಸಿ, ಬಿಸಿಲಿಗೆ ಒಣಗಿಸಿ, ಆರೂ ಜನರಿಗೆ ಹರಿದು ಹಂಚಿದ್ದಳು.

"ಕೇಳಾಕ ಹೋದ್ರ ನಕ್ಕೋತ ಒಂದು ತುಂಡು ನನ್ನ ಕೈಗೂ ಇಟ್ಟಳ್ರಿ. 'ಒಯ್ರಿ ಅಣ್ಣಾ, ಭಾಳ ಮೆತ್ತಗ ಅದ, ನಿಮ್ಮ ಕನ್ನಡಿ ಒರಸಾಕ ಬರತದ' ಅಂದಳು. ಆ ತುಂಡು ಕಿಸೇದಾಗ ಇಟಗೊಂಡು ಹೊಳ್ಳಿ ಬಂದ್ನಿ."

ವರದಿಯಲ್ಲಿ ಅವರು ಎರಡು ಸಾಲು ಬರೆದರು. ನಾಲ್ಕನೆಯ ಬೆಂಚು, ಹುಲಿಗೆವ್ವ, ಸೀರೆಯ ನೂಲು ಎಂಬುದು ಒಂದು. ಸ್ಟೋರಿನಿಂದ ಸಾಕಷ್ಟು ಬಟ್ಟೆ ಬರುವುದಿಲ್ಲ, ತಪ್ಪು ಅಲ್ಲಿಯದು ಎಂಬುದು ಇನ್ನೊಂದು. ಟೈಪಾಗಿ ಮೇಲೆ ಹೋದ ಹಾಳೆಯಲ್ಲಿ ಮೊದಲನೆಯದಷ್ಟೇ ಇತ್ತು. ನಾಲ್ಕನೆಯ ದಿನ ಹುಲಿಗೆವ್ವಳ ಗೇಟ್ ಪಾಸ್ ಕಸಿದುಕೊಂಡರು. ಅವಳೀಗ ಶಿಕ್ರಾಪುರದಲ್ಲಿ ಈರುಳ್ಳಿ ಆರಿಸುತ್ತಾಳೆ. ಅವಳನ್ನು ಮರಳಿ ಸೇರಿಸಿಕೊಳ್ಳಿ ಎಂದು ಅಂಬಾರಾಯರು ಮೂರು ಅರ್ಜಿ ಕೊಟ್ಟರು. ಒಂದಕ್ಕೂ ಉತ್ತರ ಬರಲಿಲ್ಲ.

ಇಂದು ಬಿಚ್ಚಿದ ಗೇರ್‌ಬಾಕ್ಸಿನ ವಾಲ್ವೂ ಸಿಕ್ಕಿಕೊಂಡಿದೆ. ಈ ಸಲ ಹಳದಿ ನೂಲು. ನಂಬರಿನ ಪ್ರಕಾರ ಇದನ್ನು ಜೋಡಿಸಿದ್ದು ಹುಲಿಗೆವ್ವ ಹೋಗಿ ಎರಡು ತಿಂಗಳ ನಂತರ. ಬಟ್ಟೆ ಈಗಲೂ ಪಾಳಿಗೊಂದೇ. ಹೊಸ ಹೆಂಗಸರೂ ಮನೆಯಿಂದ ತರುತ್ತಾರೆ, ಬಚ್ಚಿಟ್ಟುಕೊಂಡು.

ಒಂಬತ್ತಕ್ಕೆ ಸೂಪರ್‌ವೈಸರ್ ದಿಗಂಬರ ಬರುತ್ತಾರೆ. ಬೆಳಗಾವಿಯವರು. ಕೈಯಲ್ಲಿದ್ದ ಎರಡು ಕಪ್ ಚಹಾದಲ್ಲಿ ಒಂದನ್ನು ಕೇಳದೆಯೇ ಅಂಬಾರಾಯರ ಮುಂದೆ ಇಡುತ್ತಾರೆ. ಇಂದಿನ ವರದಿಯ ಹಾಳೆ ಓದಿ ಮುಖ ಸಿಂಡರಿಸುತ್ತಾರೆ.

"ಮತ್ತ ಸ್ಟೋರಿನ ಪುರಾಣ ಬರದೀರೇನ್ರಿ? ಹೆಸರು ಎಲ್ಲಿ ಅದ?"

"ಬಟ್ಟಿ ಕೊಡ್ರಿ ಸಾಹೇಬ್ರ, ನೂಲು ನಿಂದರತದ. ಆ ಹೆಣ್ಣಮಗಳ್ನ ಕರಸ್ರಿ. ಆಕಿ ಹೋದ ಮ್ಯಾಲೂ ಬಂದದ ನೋಡ್ರಿ."

"ಅಂಬಾರಾಯ, ನಂಬರ್ ಇದ್ದಮ್ಯಾಲ ಹೆಸರು ಹುಡುಕೋದು ನನಗೇನು ಕಷ್ಟ? ನಿಮ್ಮ ಕೆಲಸ ನೀವ ಕಳಕೋಬ್ಯಾಡ್ರಿ." ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚು. ದಿಗಂಬರ ಹಾಳೆಯನ್ನು ಅಲ್ಲಿಯೇ ಬಿಟ್ಟು ಹೊರಡುತ್ತಾರೆ.

ಅಂಬಾರಾಯರು ಅದನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಅವರಿಗೂ ಗೊತ್ತು: ಸಂಜೆಯೊಳಗೆ ಆ ಹೆಸರು ಯಾರೋ ತುಂಬುತ್ತಾರೆ, ಇನ್ನೊಬ್ಬಳ ಪಾಸ್ ಹೋಗುತ್ತದೆ, ಬಟ್ಟೆ ಬರುವುದಿಲ್ಲ. ಹೆಸರಿನ ಜಾಗದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು, ಕೆಳಗೆ ಸಹಿ ಮಾಡುತ್ತಾರೆ.

"ಹುಡುಕಲಿ ಬಿಡ್ರಿ. ಆದ್ರ ಈ ಸಲದ ಹೆಸರು ನನ್ನ ಕೈಲೆ ಬರದದ್ದಲ್ಲ."