ಹೊಳೆ ದಾಟಿದ್ದಕ್ಕೆ ಮೊಹರು

ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. ಅವತ್ತು ಜಗಲಿಯಲ್ಲಿ ಕೂತವರಲ್ಲಿ ಆ ಮಾತು ಗೊತ್ತಿದ್ದವನು ನಾನೊಬ್ಬನೇ.

ಆಗ ಕೊಡಗು ಬೇರೆ ರಾಜ್ಯ. ಕುಶಾಲನಗರದ ಹೊಳೆಯಾಚೆ ಮೈಸೂರು. ಸೇತುವೆ ಗೇಟು ಎತ್ತಿ ಇಳಿಸುವ ಕೆಲಸ ನನ್ನದು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಅದೇ ದೊಡ್ಡದು. ಕಾಫಿ ಮೂಟೆಯ ಚೀಟಿಗೆ ಅಲ್ಲಿ ಮೊಹರು ಬೀಳುತ್ತಿತ್ತು. ಮನುಷ್ಯರಿಗಲ್ಲ.

ಅವ್ವ ಸತ್ತಾಗ ಅಣ್ಣ ಸಿಲೋನಿನ ಟೀ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ತಂತಿ ಕೊಟ್ಟೆವು. ಮಣ್ಣಿಗೆ ಸಿಗಲಿಲ್ಲ, ಹಾಲುತುಪ್ಪದ ಹಿಂದಿನ ಸಂಜೆ ಬಂದ. ಗುಂಡಿಯ ಮೇಲೆ ಹಾಲು, ತುಪ್ಪ ಬಿಡಬೇಕಾದವನು ಹಿರಿಮಗ.

ದೊಡ್ಡಪ್ಪ ಅಡ್ಡ ಬಂದ. ಇಂಗ್ಲಿಷಿನ ಒಂದಕ್ಷರ ಬಾರದ ಮುದುಕ, ನಶ್ಯದ ಬೆರಳಲ್ಲಿ ಅಣ್ಣನ ಪಾಸ್‌ಪೋರ್ಟ್ ತಿರುವಿ ಹಾಕಿದ. ಈಗಲೂ ಆ ಬೆರಳು ನೆನೆದರೆ ಮೈ ಉರಿಯುತ್ತದೆ.

"ಸಮುದ್ರ ದಾಟಿದ್ದಕ್ಕೆ ಮೊಹರಿದೆ. ನಮ್ಮ ಹೊಳೆ ದಾಟಿದ್ದಕ್ಕೆ ಎಲ್ಲಯ್ಯಾ? ನಮ್ಮಂಥವರಿಗೆ ಮೊಹರು ಬೇಡ, ಸರಿ, ಇದನ್ನ ಇಟ್ಕೊಂಡವನಿಗೆ ಗಡಿಗಡಿಗೂ ಒತ್ತಬೇಕು. ಅದಿಲ್ಲ ಅಂದ್ಮೇಲೆ ನೀನು ಯಾವತ್ತೋ ಕಳ್ಳದಾರೀಲಿ ಬಂದು ಯಾವಳ ಮನೇಲೋ ಬಿದ್ದಿದ್ದೆ. ಅವ್ವನ ಮಣ್ಣಿಗೆ ಬರದವನು ಹಾಲುತುಪ್ಪ ಮುಟ್ಟಬೇಡ."

ಅಣ್ಣ ಇನ್ನೂ ನಗುತ್ತಿದ್ದ. "ನಾನೇನು ಕಾಫಿ ಮೂಟೆನಾ ದೊಡ್ಡಪ್ಪ? ಧನುಷ್ಕೋಡಿಯಲ್ಲಿ ಹಡಗಿಳಿದಿದ್ದು ಮೊನ್ನೆ, ತಾರೀಖು ಇಲ್ಲೇ ಇದೆ. ಗೇಟಿನ ವಿಷಯ ತಮ್ಮನನ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು.

"ಹೇಳೋ, ಒತ್ತುತ್ತಾರೋ ಇಲ್ವೋ?" ಅಂದ ದೊಡ್ಡಪ್ಪ.

"ನನಗೆ ಗೊತ್ತಿಲ್ಲ" ಅಂದೆ.

ದೊಡ್ಡಪ್ಪನ ಭಯ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವ್ವನ ಹೇಸಿಗೆ ಬಳಿದವನು ನಾನು, ಗಂಜಿ ಕುಡಿಸಿದವನು ನಾನು. ಕೊನೆಗೆ ಸೂಟುಕೇಸು ಹಿಡಿದು ಬಂದವನು ಹಿರಿಮಗನಾಗಿ ನಿಲ್ಲಬೇಕೇ ಅನ್ನುವ ಕಿಚ್ಚು. ಮರುದಿನ ಹಾಲು ಬಿಟ್ಟವನು ನಾನು. ಅಣ್ಣ ಬೇಲಿಯಾಚೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದ. ಊಟಕ್ಕೂ ಕೂರದೆ ಹೊರಟುಹೋದ. ಅವನನ್ನು ತಡೆಯದ ಆ ನೆಂಟರು ಎರಡನೇ ಸಲ ಪಾಯಸ ಹಾಕಿಸಿಕೊಂಡರು. ಬಡಿಸಿದವನೂ ನಾನೇ, ಥೂ.

ಕೊಡಗು ಮೈಸೂರಿಗೆ ಸೇರಿ ಗೇಟು ಕಿತ್ತ ಮೇಲೆ ಅಣ್ಣ ಮತ್ತೆ ಬಂದ. ಸೇತುವೆ ಹತ್ತಿರ ಬಸ್ಸಿಳಿದವನೇ ಪಾಸ್‌ಪೋರ್ಟ್ ತೆಗೆದು ನನ್ನ ಮೂಗಿಗೆ ಹಿಡಿದ.

"ಏನೋ ಗೇಟಿನವನೇ, ಈಗಲಾದ್ರೂ ಒತ್ತುತ್ತೀಯಾ?"

ಬಸ್ಸಿನವರೆಲ್ಲ ಕೇಳಿಸಿಕೊಳ್ಳಲಿ ಅಂತ ಗಟ್ಟಿಯಾಗಿಯೇ ಹೇಳಿದೆ:

"ಅಣ್ಣಯ್ಯ, ಮನುಷ್ಯರಿಗೆ ಇಲ್ಲಿ ಮೊಹರಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವ್ವನ ಹಾಲುತುಪ್ಪ ನಿನ್ನ ಕೈಯಿಂದ ಕಿತ್ಕೊಂಡೆ. ತಪ್ಪಾಯ್ತು."